ಫೈಲಿನ ತೂಕ ತಿಳಿದು ಕಂಪ್ಯೂಟರ್ ಕೊಳ್ಳಿ

ಮದುವೆ ಆಲ್ಬಮ್‌ನ 12×36 ಇಂಚಿನ ಒಂದು ಕರಿಜ್ಮಾ ಹಾಳೆಯನ್ನು 300 ಡಿಪಿಐಗೆ ತೆರೆದರೆ ಅಡ್ಡಕ್ಕೆ 10,800, ಉದ್ದಕ್ಕೆ 3,600 ಪಿಕ್ಸೆಲ್. ಒಟ್ಟು 3 ಕೋಟಿ 88 ಲಕ್ಷ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿಗೆಂದು ಮೂರು ಬೈಟ್ ಬೇಕು. ಅಲ್ಲಿಗೆ ಏನೂ ಇಲ್ಲದ ಬರಿಯ ಹಿನ್ನೆಲೆಯೇ 116 ಎಂಬಿ ಜಾಗ ಹಿಡಿಯಿತು. ಅದರ ಮೇಲೆ ಹೂವಿನ ಬಾರ್ಡರ್, ಮಸುಕು ಮಾಡಿದ ದೊಡ್ಡ ಫೋಟೋ, ಧಾರೆಯ ನಾಲ್ಕು ಚಿತ್ರ, ಅವುಗಳ ನೆರಳು, ಮಾಸ್ಕ್, ವಧೂವರರ ಹೆಸರು ಎಂದು ಪದರದ ಮೇಲೆ ಪದರ ಏರುತ್ತದೆ. ಪೂರ್ತಿ ಹಾಳೆ ತುಂಬುವ ಎಂಟೊಂಬತ್ತು ಪದರ ಸೇರಿದರೆ ಸಾಕು, ಒಂದೇ ಹಾಳೆ 1 ಜಿಬಿ ತಲುಪುತ್ತದೆ. ಇಂಥ ಹಾಳೆಗಳು ಹತ್ತಾರು ಸೇರಿ ಒಂದು ಆಲ್ಬಮ್. ಡಿಸೈನ್ ಮಾಡುವವರು ಒಂದೇ ಹೊತ್ತಿಗೆ ನಾಲ್ಕೈದು ಹಾಳೆ ತೆರೆದುಕೊಂಡು ಫೋಟೋಗಳನ್ನು ಅಲ್ಲಿಂದಿಲ್ಲಿಗೆ ಎಳೆಯುತ್ತಿರುತ್ತಾರೆ.

ಕಂಪ್ಯೂಟರ್ ಕೊಳ್ಳುವ ಮಾತು ಶುರುವಾಗಬೇಕಾದ್ದು ಈ ಲೆಕ್ಕದಿಂದ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಿಂತು ‘ಎಡಿಟಿಂಗ್‌ಗೆ ಒಂದು ಸಿಸ್ಟಮ್ ಬೇಕು’ ಎಂದರೆ ಕೈಗೆ ಬರುವ ಕೊಟೇಶನ್ ಸಾಮಾನ್ಯವಾಗಿ ವಿಡಿಯೊ ಕೆಲಸದ್ದೋ ಗೇಮಿಂಗ್‌ನದ್ದೋ ಆಗಿರುತ್ತದೆ. ಮೊದಲ ಸಾಲಿನಲ್ಲಿ ದೊಡ್ಡ ಪ್ರೊಸೆಸರ್, ಎರಡನೆಯದರಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡ್, ನಡುವೆ ಬಣ್ಣದ ದೀಪಗಳ ಕ್ಯಾಬಿನೆಟ್, ದುಡ್ಡು ಮುಗಿಯುತ್ತಾ ಬಂದ ಮೇಲೆ ಕೊನೆಯ ಸಾಲಿನಲ್ಲಿ ಮಾನಿಟರ್. ಫೋಟೋ ಕೆಲಸದವರು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪರದೆ, ಮೆಮೊರಿ, ಡಿಸ್ಕ್ ಈ ಮೂರಕ್ಕೆ ಮೊದಲು ಹಣ ಎತ್ತಿಡಬೇಕು. ಉಳಿದದ್ದರಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಆರಿಸಬೇಕು.

ಮೆಮೊರಿಯಿಂದಲೇ ಹೊರಡೋಣ. ಕ್ಯಾಮೆರಾದ ಕಾರ್ಡಿನಲ್ಲಿ 50 ಎಂಬಿ ಇದ್ದ ರಾ ಫೈಲ್ ಫೋಟೋಶಾಪ್‌ನಲ್ಲಿ ತೆರೆದ ಕೂಡಲೇ 270 ಎಂಬಿ ದಾಟುವುದನ್ನು ಹಲವರು ಗಮನಿಸಿರುವುದಿಲ್ಲ. ಕಾರಣ ಸೆನ್ಸರ್‌ನಲ್ಲಿದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆಯನ್ನೇ ಇಂದಿಗೂ ಬಹುಪಾಲು ಕ್ಯಾಮೆರಾಗಳು ಅನುಸರಿಸುತ್ತವೆ. ಅದರಲ್ಲಿ ಸೆನ್ಸರ್‌ನ ಒಂದು ಚುಕ್ಕೆ ಒಂದೇ ಬಣ್ಣವನ್ನು ಕಾಣುತ್ತದೆ. ಅರ್ಧದಷ್ಟು ಚುಕ್ಕೆಗಳು ಹಸಿರಿಗೆ, ಉಳಿದರ್ಧ ಕೆಂಪು ಮತ್ತು ನೀಲಿಗೆ ಸಮಪಾಲು. ಪ್ರತಿ ಚುಕ್ಕೆಗೂ ಸಿಗದೇ ಹೋದ ಎರಡು ಬಣ್ಣಗಳನ್ನು ತಂತ್ರಾಂಶವು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಲೆಕ್ಕ ಹಾಕಿ ತುಂಬುತ್ತದೆ. ಒಂದು ಮೂರಾಗುವುದು ಅಲ್ಲಿ. ಜೊತೆಗೆ 14 ಬಿಟ್ ಇದ್ದದ್ದು 16 ಬಿಟ್ ಆಗುತ್ತದೆ, ಕಾರ್ಡಿನಲ್ಲಿ ಒತ್ತಿ ಕಿರಿದಾಗಿಸಿದ್ದು ಬಿಚ್ಚಿಕೊಳ್ಳುತ್ತದೆ. ನಿಕಾನ್ ಝಡ್8 ಕ್ಯಾಮೆರಾದ ಚಿತ್ರ 8,256×5,504 ಪಿಕ್ಸೆಲ್. 16 ಬಿಟ್‌ನಲ್ಲಿ ಅದರ ಒಂದು ಪದರಕ್ಕೆ ಸುಮಾರು 273 ಎಂಬಿ. ಸೋನಿ ಎ7ಆರ್5ರ 61 ಮೆಗಾಪಿಕ್ಸೆಲ್ ಚಿತ್ರಕ್ಕೆ 361 ಎಂಬಿ. ಡಿಸ್ಕಿನಲ್ಲಿ ಫೈಲ್ ಎಷ್ಟು ದೊಡ್ಡದು ಎಂಬುದು ಮೆಮೊರಿ ಆರಿಸಲು ನೆರವಾಗದು. ತೆರೆದ ಮೇಲೆ ಎಷ್ಟಾಗುತ್ತದೆ ಎಂಬುದನ್ನು ನೋಡಬೇಕು.

ರ‍್ಯಾಮ್ ಒಕ್ಕಣೆಯ ಕಣವಾದರೆ ಡಿಸ್ಕ್ ಕಣಜ. ಕಣ ಕಿರಿದಾದಾಗ ಫೋಟೋಶಾಪ್ ಹಿಡಿಸದ ಭಾಗವನ್ನೆಲ್ಲ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಇದಕ್ಕೆ ಬಳಸುವ ಜಾಗವೇ ಸ್ಕ್ರ್ಯಾಚ್ ಡಿಸ್ಕ್. ಬ್ರಷ್ ಎಳೆದಾಗ ಗೆರೆ ತಡವಾಗಿ ಮೂಡುವುದು, ಅನ್‌ಡು ಒತ್ತಿದಾಗ ಕೆಲಕಾಲ ಪರದೆ ಕಲ್ಲಾಗುವುದು ಹೆಚ್ಚಾಗಿ ಇದರಿಂದಲೇ. ನಾವು ಇಟ್ಟ ಹಿಂದಿನ 50 ಹೆಜ್ಜೆಗಳನ್ನೂ ಫೋಟೋಶಾಪ್ ನೆನಪಿಡುತ್ತದೆಂಬುದು ನೆನಪಿರಲಿ. ತನಗೆ ಸಿಗುವ ರ‍್ಯಾಮ್‌ನಲ್ಲಿ ಶೇ 70ರಷ್ಟನ್ನು ಮಾತ್ರ ಬಳಸುವಂತೆ ಅದನ್ನು ಮೊದಲೇ ಹೊಂದಿಸಿರುತ್ತಾರೆ. ಹಾಗಾಗಿ 16 ಜಿಬಿಯ ಯಂತ್ರದಲ್ಲಿ ವಿಂಡೋಸ್, ಬ್ರೌಸರ್, ವಾಟ್ಸ್ಆ್ಯಪ್ ಎಲ್ಲ ತೆರೆದಿದ್ದರೆ ಚಿತ್ರಕ್ಕೆ ಉಳಿಯುವುದು ಏಳೆಂಟು ಜಿಬಿ.

ಹಾಗಾದರೆ ಎಷ್ಟು ಬೇಕು? ಕೆಲಸದ ಬಗೆಯನ್ನು ನೋಡಬೇಕು. ಒಂದು ಚಿತ್ರ, ಹತ್ತು ಪದರ ಎನ್ನುವವರಿಗೆ 2.7 ಜಿಬಿ ಚಿತ್ರಕ್ಕೇ ಹೋಗುತ್ತದೆ, 32 ಜಿಬಿ ರ‍್ಯಾಮ್ ಆರಾಮ. ಆಲ್ಬಮ್ ಡಿಸೈನ್ ಮಾಡುವವರಿಗೂ ಅಷ್ಟು ಸಾಕು. ಮಲೆನಾಡಿನ ಮಳೆಗಾಲದಲ್ಲಿ ಕಪ್ಪೆ, ಕೀಟ, ಅಣಬೆಗಳ ಮ್ಯಾಕ್ರೊ ತೆಗೆಯುವವರ ಕಥೆ ಬೇರೆ. ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತಾ ತೆಗೆದ 40 ಚಿತ್ರಗಳನ್ನು ಪದರಗಳಾಗಿ ಜೋಡಿಸಿದರೆ, ಒಂದಕ್ಕೆ 273 ಎಂಬಿಯಂತೆ 11 ಜಿಬಿ. ಅದು ಶುರುವಿನ ಲೆಕ್ಕ, ಅಲೈನ್ ಮಾಡಿ ಬೆಸೆಯುವಾಗ ಇನ್ನಷ್ಟು ಬೇಕು. ಮುಳ್ಳಯ್ಯನಗಿರಿಯ ಮೇಲೆ ನಿಂತು ಬೆಟ್ಟಸಾಲಿನ ಪನೋರಮಾ ತೆಗೆದು 15 ಕೋಟಿ ಪಿಕ್ಸೆಲ್‌ನ ಚಿತ್ರ ಹೊಲಿದರೆ ಒಂದು ಪದರವೇ 900 ಎಂಬಿ. ಪಿಎಸ್‌ಡಿ ಫೈಲ್ 2 ಜಿಬಿಗಿಂತ ದೊಡ್ಡದಾಗಲಾರದು, ಆಗ ಪಿಎಸ್‌ಬಿ ಆಗಿ ಉಳಿಸಬೇಕಾಗುತ್ತದೆ. ಇಂಥವರು 64 ಜಿಬಿಗಿಂತ ಕಡಿಮೆಗೆ ಒಪ್ಪಬಾರದು. ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಾಲದ ಫಿಲ್ಮ್ ಪರಂಪರೆ ನಮ್ಮಲ್ಲಿ ದೊಡ್ಡದು. ಎಷ್ಟೋ ಮನೆಗಳಲ್ಲಿ, ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್‌ಗಳು ಇನ್ನೂ ಡಬ್ಬಿಗಳಲ್ಲಿವೆ. 6×6 ಸೆಂಟಿಮೀಟರ್‌ನ ಒಂದು ಬಣ್ಣದ ಫಿಲ್ಮನ್ನು 4,000 ಪಿಪಿಐಗೆ ಸ್ಕ್ಯಾನ್ ಮಾಡಿದರೆ 7 ಕೋಟಿ 77 ಲಕ್ಷ ಪಿಕ್ಸೆಲ್, 16 ಬಿಟ್‌ನಲ್ಲಿ 466 ಎಂಬಿ. ಅದರ ಮೇಲಿನ ಧೂಳು, ಗೀರುಗಳನ್ನು ಒಂದೊಂದಾಗಿ ಅಳಿಸುವುದು ಗಂಟೆಗಟ್ಟಲೆಯ ಕೆಲಸ. ಪ್ರತಿ ಕ್ಲಿಕ್‌ಗೂ ಅರ್ಧ ಸೆಕೆಂಡ್ ತಡವಾಗುವ ಯಂತ್ರದಲ್ಲಿ ಆ ತಾಳ್ಮೆ ಯಾರಿಗೂ ಉಳಿಯದು.

ಈಗಿರುವ ಕಂಪ್ಯೂಟರಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಫೋಟೋಶಾಪ್ ಕಿಟಕಿಯ ಕೆಳಗಿನ ಸಾಲಿನಲ್ಲಿ ‘ಎಫಿಶಿಯೆನ್ಸಿ’ ಎಂಬ ಅಂಕಿಯನ್ನು ತೋರಿಸುವಂತೆ ಹೊಂದಿಸಿಕೊಳ್ಳಿ. ನಿಮ್ಮ ಅತಿ ಭಾರದ ಫೈಲ್ ತೆರೆದು ಎಂದಿನಂತೆ ಕೆಲಸ ಮಾಡಿ. ಅಂಕಿ 100ರಲ್ಲೇ ನಿಂತಿದ್ದರೆ ರ‍್ಯಾಮ್ ಸಾಕಷ್ಟಿದೆ, ನಿಧಾನಕ್ಕೆ ಬೇರೆ ಕಾರಣ ಹುಡುಕಬೇಕು. ಮತ್ತೆ ಮತ್ತೆ ಕೆಳಗಿಳಿದರೆ ಕೆಲಸ ಡಿಸ್ಕಿಗೆ ಹರಿಯುತ್ತಿದೆ ಎಂದರ್ಥ. ಆಗ ಹೊಸ ಕಂಪ್ಯೂಟರ್ ಕೊಳ್ಳುವ ಬದಲು ಹಳೆಯದಕ್ಕೇ ರ‍್ಯಾಮ್ ಸೇರಿಸಿದರೆ ಸಾಕಾದೀತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿದಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳು ಹರಿದುಹೋಗುತ್ತಿರುವುದೇ ಅದಕ್ಕೆ ಮುಖ್ಯ ಕಾರಣ. ಇಂಥ ಹೊತ್ತಿನಲ್ಲಿ ಎಷ್ಟು ಬೇಕೆಂದು ಅಳೆದು ಕೊಳ್ಳುವುದು ಇನ್ನೂ ಮುಖ್ಯ. ಡಿಡಿಆರ್5 ಮೆಮೊರಿಯಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುತ್ತದೆ. ಮುಂದೆ 64 ಬೇಕಾದೀತು ಎಂದು ಅನಿಸಿದರೆ ಎರಡೇ ದೊಡ್ಡ ಸ್ಟಿಕ್‌ಗಳ ಯೋಜನೆ ಒಳ್ಳೆಯದು.

ಇನ್ನು ಡಿಸ್ಕ್. ಎರಡು ದಿನದ ಮದುವೆಯಲ್ಲಿ ಇಬ್ಬರು ಸೇರಿ 4,000 ರಾ ಚಿತ್ರ ತೆಗೆದರೆನ್ನಿ, 50 ಎಂಬಿಯಂತೆ 200 ಜಿಬಿ. ಇದನ್ನು ಕಾರ್ಡಿನಿಂದ ಇಳಿಸಿಕೊಳ್ಳುವಲ್ಲೇ ಅನೇಕರ ಒಂದು ಸಂಜೆ ಹೋಗುತ್ತದೆ. ಆ ತಡಕ್ಕೆ ಕಂಪ್ಯೂಟರನ್ನು ಬೈಯುತ್ತಾರೆ. ತಪ್ಪು ಹಲವು ಸಲ ಹಳೆಯ ಯುಎಸ್‌ಬಿ 2.0 ಕಾರ್ಡ್ ರೀಡರ್‌ನದ್ದು. ಸೆಕೆಂಡಿಗೆ 40 ಎಂಬಿ ದಾಟದ ಅದರಲ್ಲಿ 200 ಜಿಬಿ ಇಳಿಯಲು 80 ನಿಮಿಷಕ್ಕೂ ಹೆಚ್ಚು ಬೇಕು. ಯುಎಚ್‌ಎಸ್-2 ಕಾರ್ಡಿಗೆ ಅದೇ ಜಾತಿಯ ರೀಡರ್ ತಂದು ವೇಗದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಅದೇ ಕೆಲಸ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕ್ಯಾಬಿನೆಟ್ ಆರಿಸುವಾಗ ಅದರ ಮುಂಭಾಗದಲ್ಲಿ ಯಾವ ಕಿಂಡಿಗಳಿವೆ ಎಂದು ನೋಡುವುದು ಅದರ ದೀಪಗಳನ್ನು ನೋಡುವುದಕ್ಕಿಂತ ಉಪಯುಕ್ತ.

ಒಳಗೆ ಎರಡು ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಒಂದರಲ್ಲಿ ವಿಂಡೋಸ್, ತಂತ್ರಾಂಶಗಳು, ಲೈಟ್‌ರೂಮ್ ಕ್ಯಾಟಲಾಗ್. ಇನ್ನೊಂದರಲ್ಲಿ ಈಗ ನಡೆಯುತ್ತಿರುವ ಕೆಲಸ ಮತ್ತು ಸ್ಕ್ರ್ಯಾಚ್. ಸೆಕೆಂಡಿಗೆ 3,500 ಎಂಬಿ ಓದುವ ಡ್ರೈವಿಗೂ 7,000 ಓದುವುದಕ್ಕೂ ಫೋಟೋ ಕೆಲಸದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. ಅಂಗಡಿಯ ಪೆಟ್ಟಿಗೆಯ ಮೇಲೆ ಬರೆಯದ ಒಂದು ಸಂಗತಿಯೇ ಹೆಚ್ಚು ಕಾಡುತ್ತದೆ. ಕೆಲವು ಅಗ್ಗದ ಎಸ್‌ಎಸ್‌ಡಿಗಳು ಮೊದಲ ಹತ್ತಾರು ಜಿಬಿಗಳನ್ನು ಚುರುಕಾಗಿ ನುಂಗಿ, ಅವುಗಳ ವೇಗದ ಭಾಗ ತುಂಬಿದ ಮೇಲೆ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿದುಬಿಡುತ್ತವೆ. ಸಾಮಾನ್ಯ ಬಳಕೆದಾರರಿಗೆ ಇದು ಗೊತ್ತೇ ಆಗದು. 200 ಜಿಬಿ ಒಟ್ಟಿಗೆ ಸುರಿಯುವ ಫೋಟೋಗ್ರಾಫರ್‌ಗೆ ಪ್ರತಿ ಮದುವೆಯಲ್ಲೂ ಗೊತ್ತಾಗುತ್ತದೆ. ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್ ಇಂದಿಗೂ ಸರಿಯೇ.

ನಾಲ್ಕು ಸಾವಿರ ಚಿತ್ರಗಳಲ್ಲಿ ನಾಲ್ಕು ನೂರನ್ನು ಆರಿಸುವ ಹೊತ್ತು ಯಂತ್ರಕ್ಕಿಂತ ವಿಧಾನದ ಮಾತು. ಪ್ರತಿ ರಾ ಫೈಲಿನೊಳಗೂ ಕ್ಯಾಮೆರಾ ಒಂದು ಜೆಪೆಗ್ ಅಡಗಿಸಿಟ್ಟಿರುತ್ತದೆ. ಫೋಟೋ ಮೆಕ್ಯಾನಿಕ್‌ನಂಥ ತಂತ್ರಾಂಶ ಅದನ್ನೇ ತೋರಿಸುವುದರಿಂದ ಹಳೆಯ ಕಂಪ್ಯೂಟರಿನಲ್ಲೂ ಚಿತ್ರಗಳು ಪಟಪಟನೆ ಸರಿಯುತ್ತವೆ. ಲೈಟ್‌ರೂಮ್‌ನಲ್ಲೂ ಇಂಪೋರ್ಟ್ ಮಾಡುವಾಗ ಈ ಆಯ್ಕೆ ಇದೆ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಎರಡು ಬಗೆಯ ಜನರನ್ನು ಬೇರ್ಪಡಿಸಬೇಕು. ಕಬಿನಿಯ ಹಿನ್ನೀರಿನಲ್ಲಿ ಸೂರ್ಯ ಮುಳುಗಿದ ಮೇಲೆ, ನಾಗರಹೊಳೆಯ ದಟ್ಟ ನೆರಳಿನಲ್ಲಿ 6,400, 12,800 ಐಎಸ್‌ಒದಲ್ಲಿ ಚಿತ್ರ ತೆಗೆಯುವವರಿಗೆ ಒಳ್ಳೆಯ ಕಾರ್ಡ್ ನಿಜಕ್ಕೂ ಬೇಕು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್ ಪೂರ್ತಿ ಕಾರ್ಡಿನ ಬಲದ ಮೇಲೆ ನಿಂತಿದೆ. ಪ್ರೊಸೆಸರ್‌ನಲ್ಲೇ ಇರುವ ಸಾಧಾರಣ ಗ್ರಾಫಿಕ್ಸ್‌ನಲ್ಲಿ ಒಂದು ಚಿತ್ರಕ್ಕೆ ನಿಮಿಷಗಳು ಹಿಡಿಯುವ ಕೆಲಸ ಒಳ್ಳೆಯ ಕಾರ್ಡಿನಲ್ಲಿ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹುಲಿಯ ಒಂದು ಸರಣಿಯಲ್ಲಿ ನೂರು ಚಿತ್ರ ಶುದ್ಧಗೊಳಿಸಬೇಕಾದಾಗ ಈ ವ್ಯತ್ಯಾಸ ಒಂದಿಡೀ ದಿನದ್ದಾಗಬಹುದು. 8 ಜಿಬಿ ಮೆಮೊರಿಯ ಮಧ್ಯಮ ದರ್ಜೆಯ ಕಾರ್ಡ್ ಇದಕ್ಕೆ ಸಾಕು. ಮದುವೆ ಆಲ್ಬಮ್ ಮಾಡುವ, ಸ್ಟುಡಿಯೋದ ದೀಪದಲ್ಲಿ ತೆಗೆಯುವವರಿಗೆ ಈ ಖರ್ಚು ಹೆಚ್ಚಿನ ಲಾಭ ತರದು. ಅವರು ಆ ಹಣವನ್ನು ಪರದೆಗೆ ಹಾಕಲಿ.

ಪ್ರೊಸೆಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋಶಾಪ್‌ನ ಬಹುತೇಕ ಕೆಲಸಗಳು ಕೆಲವೇ ಕೋರ್‌ಗಳ ವೇಗವನ್ನು ನಂಬಿವೆ, ಲೈಟ್‌ರೂಮ್ ಎಕ್ಸ್‌ಪೋರ್ಟ್ ಮಾತ್ರ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ಈ ಎರಡೂ ಇಂಟೆಲ್ ಅಥವಾ ಎಎಂಡಿಯ ಇತ್ತೀಚಿನ ಮಧ್ಯಮ ದರ್ಜೆಯ ಚಿಪ್‌ಗಳಲ್ಲಿ ಚೆನ್ನಾಗಿಯೇ ನಡೆಯುತ್ತವೆ.

ಈಗ ಪರದೆಗೆ ಬರೋಣ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ, ಲೆನ್ಸ್ ಇಟ್ಟುಕೊಂಡವರು ಕೊನೆಗೆ ಚಿತ್ರವನ್ನು ತೀರ್ಮಾನಿಸುವುದು ಅಗ್ಗದ ಮಾನಿಟರಿನಲ್ಲಿ ಎಂಬುದು ನನಗೆ ಬೇಸರದ ವಿಷಯ. ‘ಲ್ಯಾಬ್‌ನವರು ಪ್ರಿಂಟ್ ಕಪ್ಪು ಮಾಡಿಬಿಟ್ಟರು’ ಎಂಬ ದೂರು ಎಲ್ಲ ಊರಿನ ಸ್ಟುಡಿಯೋಗಳಲ್ಲೂ ಕೇಳಿಬರುತ್ತದೆ. ಲ್ಯಾಬ್ ಎಷ್ಟೋ ಸಲ ಕಳಿಸಿದ್ದನ್ನೇ ಮುದ್ರಿಸಿರುತ್ತದೆ. ಅಂಗಡಿಯಿಂದ ಬಂದ ಮಾನಿಟರ್ ಕಣ್ಣು ಕುಕ್ಕುವಷ್ಟು ಬೆಳಗುತ್ತಿರುತ್ತದೆ. ಪರದೆ ಬೆಳಕಾಗಿದ್ದಷ್ಟೂ ನಮ್ಮ ಕೈ ಚಿತ್ರವನ್ನು ಕತ್ತಲಾಗಿಸುತ್ತದೆ. ಮುದ್ರಣಕ್ಕೆ ಹೋಗುವ ಚಿತ್ರವನ್ನು ತಿದ್ದುವಾಗ ಪರದೆಯ ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದಷ್ಟಿರಬೇಕು. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳಬಾರದು. ಹಿಂದಿನ ಗೋಡೆಗೆ ಗುಲಾಬಿಯೋ ತಿಳಿಹಸಿರೋ ಬಳಿದಿದ್ದರೆ ಕಣ್ಣು ಆ ಬಣ್ಣಕ್ಕೆ ಹೊಂದಿಕೊಂಡು ಚಿತ್ರದ ಬಣ್ಣವನ್ನು ತಪ್ಪಾಗಿ ಕಾಣುತ್ತದೆ. ಗೋಡೆಗೆ ಬೂದು ಬಳಿಯುವ ಖರ್ಚು ಯಾವ ಚಿಪ್‌ಗಿಂತಲೂ ಕಡಿಮೆ.

ಐಪಿಎಸ್ ಪ್ಯಾನೆಲ್, 27 ಇಂಚು, ಎಸ್‌ಆರ್‌ಜಿಬಿ ಬಣ್ಣಗಳನ್ನು ಪೂರ್ತಿ ತೋರಿಸಬಲ್ಲದ್ದು, ಇದು ಕನಿಷ್ಠ. ಎಸ್‌ಆರ್‌ಜಿಬಿಯನ್ನು ಎಚ್‌ಪಿ ಮತ್ತು ಮೈಕ್ರೊಸಾಫ್ಟ್ 1996ರಲ್ಲಿ ರೂಪಿಸಿದ್ದು ಅಂದಿನ ಸಾಮಾನ್ಯ ಮಾನಿಟರ್‌ಗಳಿಗಾಗಿ. 1998ರಲ್ಲಿ ಬಂದ ಅಡೋಬ್ ಆರ್‌ಜಿಬಿ ಅದಕ್ಕಿಂತ ಅಗಲ, ಮುಖ್ಯವಾಗಿ ಹಸಿರು ಮತ್ತು ಹಸಿರು ನೀಲಿಯ ಕಡೆಗೆ. ಆಗುಂಬೆಯ ಜುಲೈ ತಿಂಗಳ ಹಸಿರನ್ನು ಒಳ್ಳೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ದೊಡ್ಡದಾಗಿ ಮುದ್ರಿಸಿ ಪ್ರದರ್ಶನಕ್ಕಿಡುವವರಿಗೆ ಅಡೋಬ್ ಆರ್‌ಜಿಬಿ ತೋರಿಸುವ ಮಾನಿಟರ್ ಬೇಕೇ ಬೇಕು. ಆಲ್ಬಮ್ ಲ್ಯಾಬ್‌ಗಳು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಜೆಪೆಗ್ ಕೇಳುತ್ತವೆ. ಅಲ್ಲಿಗೆ ಕೆಲಸ ಕಳಿಸುವವರಿಗೆ ಬಣ್ಣದ ಅಗಲಕ್ಕಿಂತ ನಿಖರತೆ ಮುಖ್ಯ. ಧಾರೆ ಸೀರೆಯ ಕಡುಗೆಂಪಿನೊಳಗಿನ ನೇಯ್ಗೆ, ಜರಿಯ ಹೊಳಪು, ಅರಿಶಿನ ಹಚ್ಚಿದ ಕೆನ್ನೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವುದು ನಮ್ಮ ಮದುವೆಗಳಲ್ಲಿ ದಿನನಿತ್ಯದ ಮಾತು. ಕೆಂಪನ್ನು ತುಸು ಹೆಚ್ಚು ತೋರಿಸುವ ಮಾನಿಟರಿನಲ್ಲಿ ಅದನ್ನು ಸರಿಪಡಿಸಿದರೆ ಆಲ್ಬಮ್‌ನಲ್ಲಿ ಮದುಮಗಳ ಮುಖ ಪೇಲವವಾಗುತ್ತದೆ. ಮನೆಯವರು ಆ ಆಲ್ಬಮ್ಮನ್ನು ಜೀವಮಾನವಿಡೀ ನೋಡುತ್ತಾರೆ.

ಆದ್ದರಿಂದ ಮಾನಿಟರಿನ ಜೊತೆಗೇ ಒಂದು ಕ್ಯಾಲಿಬ್ರೇಟರ್ ಕೊಳ್ಳಿ. ಪರದೆಗೆ ತೂಗುಹಾಕಿದರೆ ಅದು ಬಣ್ಣಗಳನ್ನು ಅಳೆದು, ತಪ್ಪನ್ನು ಸರಿದೂಗಿಸುವ ಪ್ರೊಫೈಲ್ ತಯಾರಿಸಿಕೊಡುತ್ತದೆ. ತಿಂಗಳಿಗೊಮ್ಮೆ ಬಳಸಿದರೆ ಸಾಕು, ಊರಿನ ನಾಲ್ಕು ಸ್ಟುಡಿಯೋದವರು ಸೇರಿ ಒಂದನ್ನು ಕೊಂಡರೂ ಆದೀತು. 4ಕೆ ಪರದೆಯಲ್ಲಿ ಇರುವುದು 83 ಲಕ್ಷ ಪಿಕ್ಸೆಲ್. 45 ಮೆಗಾಪಿಕ್ಸೆಲ್‌ನ ಚಿತ್ರವನ್ನು ನೂರಕ್ಕೆ ನೂರು ಅಳತೆಯಲ್ಲಿ ನೋಡಿದರೆ ಅದರ ಐದನೇ ಒಂದು ಭಾಗವೂ ಕಾಣದು. ಆದರೂ 4ಕೆಯಲ್ಲಿ ಕೂದಲು, ಗರಿಗಳ ಸೂಕ್ಷ್ಮ ಚೆನ್ನಾಗಿ ತಿಳಿಯುತ್ತದೆ. ಅಷ್ಟು ಪಿಕ್ಸೆಲ್ ತುಂಬಲು ಲೈಟ್‌ರೂಮ್ ಹೆಚ್ಚು ದುಡಿಯಬೇಕಾಗುತ್ತದೆ ಎಂಬುದು ಗೊತ್ತಿರಲಿ. ಬಲ ಕಡಿಮೆಯ ಕಂಪ್ಯೂಟರಿಗೆ 2,560×1,440ರ ಪರದೆಯೇ ಹಿತ.

ಮ್ಯಾಕ್ ಕೊಳ್ಳಬಹುದೇ ಎಂದು ಕೇಳುವವರು ಹೆಚ್ಚಿದ್ದಾರೆ. 2024ರಲ್ಲಿ ಬಂದ ಎಂ4 ಮ್ಯಾಕ್ ಮಿನಿ ಪುಟ್ಟದು, ಸದ್ದಿಲ್ಲದ್ದು, ಲೈಟ್‌ರೂಮ್‌ನಲ್ಲಿ ಚುರುಕಾದದ್ದು. ಅದರ 16 ಜಿಬಿ ಮೆಮೊರಿಯನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳುತ್ತವೆ. ಆಮೇಲೆ ಹೆಚ್ಚಿಸಲು ದಾರಿಯಿಲ್ಲ, ಕೊಳ್ಳುವ ದಿನವೇ 24 ಅಥವಾ 32 ಜಿಬಿಯದನ್ನು ಆರಿಸಬೇಕು. ಆಲ್ಬಮ್‌ನಲ್ಲಿ ಹೆಸರು, ಮುಹೂರ್ತಗಳನ್ನು ಕನ್ನಡದಲ್ಲಿ ಬರೆಯುವವರು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ, ಅದರ ಅಕ್ಷರಗಳಿಗೆ ಒಗ್ಗಿಕೊಂಡಿದ್ದರೆ ವಿಂಡೋಸ್‌ನಲ್ಲೇ ಉಳಿಯುವುದು ಸಲೀಸು. ಯೂನಿಕೋಡ್ ಬಳಸುವವರು ಫೋಟೋಶಾಪ್‌ನ ಹಳೆಯ ಆವೃತ್ತಿಗಳ ಅಕ್ಷರ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇದು ಎರಡೂ ಕಡೆ ನಿಜ.

ಕಡಿಮೆ ಬಜೆಟ್‌ನವರು ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಯಂತ್ರಗಳನ್ನೂ ನೋಡಬಹುದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ವಿಂಡೋಸ್ 11 ಅಧಿಕೃತವಾಗಿ ಒಪ್ಪದ, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ಚಿಕ್ಕ ಕ್ಯಾಬಿನೆಟ್‌ನವುಗಳಲ್ಲಿ ಪೂರ್ಣ ಅಳತೆಯ ಗ್ರಾಫಿಕ್ಸ್ ಕಾರ್ಡ್ ಕೂರದು, ಎಸ್‌ಎಂಪಿಎಸ್ ಕೂಡ ಬೇರೆ ಆಕಾರದ್ದಿರುತ್ತದೆ. ಮುಂದೆ ಬೆಳೆಸುವ ಆಸೆಯಿದ್ದರೆ ಎತ್ತರದ ಟವರ್ ಮಾದರಿಯನ್ನೇ ಹುಡುಕಿ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೋಣೆಯಲ್ಲಿ ಗಂಟೆಗಟ್ಟಲೆ ಎಕ್ಸ್‌ಪೋರ್ಟ್ ಓಡಬೇಕಾದಾಗ ಲ್ಯಾಪ್‌ಟಾಪ್ ಬಿಸಿಯೇರಿ ವೇಗ ತಗ್ಗಿಸಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಬೇಕೆನ್ನಲು ಅದೂ ಒಂದು ಕಾರಣ. ಮುಂದೆ ಜಾಲರಿ, ಅದರ ಹಿಂದೆ ತೊಳೆಯಬಹುದಾದ ಧೂಳಿನ ಫಿಲ್ಟರ್ ಇರುವ ಕ್ಯಾಬಿನೆಟ್ ಆರಿಸಿ. ಕರೆಂಟಿನ ವಿಷಯಕ್ಕೆ ಬಂದರೆ, ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಆನ್ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಶುದ್ಧ ಸೈನ್ ವೇವ್ ಕೊಡುವ ಯುಪಿಎಸ್‌ನೊಂದಿಗೆ ಚೆನ್ನಾಗಿ ಹೊಂದುತ್ತವೆ. ಫೋಟೋಶಾಪ್ ತಾನೇ ಪ್ರತಿ ಉಳಿಸುವ ಹತ್ತು ನಿಮಿಷದ ಅಂತರವನ್ನು ಐದು ನಿಮಿಷಕ್ಕೆ ಇಳಿಸಿಕೊಳ್ಳಿ.

ಬ್ಯಾಕಪ್‌ಗೆ ದುಡ್ಡು ಮೊದಲೇ ತೆಗೆದಿಡಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿಕೊಟ್ಟ 3-2-1 ಸೂತ್ರ ಇಂದು ಕಂಪ್ಯೂಟರ್ ಲೋಕವೆಲ್ಲ ಒಪ್ಪಿದ ಮಾತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಒಂದು ಹಾರ್ಡ್ ಡಿಸ್ಕನ್ನು ಇನ್ನೊಂದಕ್ಕೆ ತಾನಾಗಿ ನಕಲಿಸುವ ರೇಡ್ ಬ್ಯಾಕಪ್ ಅಲ್ಲ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. 200 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕ್ಲೌಡಿಗೆ ಏರಿಸಲು 22 ಗಂಟೆ ಬೇಕು. ಸಣ್ಣ ಊರುಗಳವರಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಕೊಂಡು ಅಣ್ಣನ ಮನೆಯಲ್ಲೋ ಸ್ನೇಹಿತರ ಅಂಗಡಿಯಲ್ಲೋ ಇಡುವುದೇ ಸುಲಭ. ಮಲೆನಾಡಿನಲ್ಲಾದರೆ ಲೆನ್ಸಿನಂತೆ ಅದನ್ನೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಅಂಗಡಿಗೆ ಹೋಗುವಾಗ ನಿಮ್ಮ ಅತಿ ಭಾರದ ಪಿಎಸ್‌ಡಿ ಮತ್ತು ಇಪ್ಪತ್ತು ರಾ ಫೈಲ್‌ಗಳನ್ನು ಡ್ರೈವ್‌ನಲ್ಲಿ ಒಯ್ಯಿರಿ. ಜೋಡಿಸಿದ ಸಿಸ್ಟಮ್‌ನಲ್ಲಿ ಅವನ್ನೇ ತೆರೆಸಿ ನೋಡಿ. ರ‍್ಯಾಮ್ ಕೊಟ್ಟ ವೇಗದಲ್ಲೇ ಓಡುತ್ತಿದೆಯೇ ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ತೋರಿಸಲು ಹೇಳಿ. ಬಯಾಸ್‌ನಲ್ಲಿ ಒಂದು ಆಯ್ಕೆ ಆನ್ ಮಾಡದಿದ್ದರೆ ವೇಗದ ರ‍್ಯಾಮ್ ಕೂಡ ನಿಧಾನವಾಗಿಯೇ ಓಡುತ್ತದೆ. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ. ಅಸೆಂಬಲ್ ಮಾಡಿದ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿಗೊಂದು, ಎಸ್‌ಎಸ್‌ಡಿಗೊಂದು, ಎಸ್‌ಎಂಪಿಎಸ್‌ಗೊಂದು ಎಂದು ವಾರಂಟಿ ಬೇರೆ ಬೇರೆ ಕಂಪನಿಯದ್ದು, ಬೇರೆ ಬೇರೆ ವರ್ಷದ್ದು. ಮಾನಿಟರಿಗೆ ಸರ್ವೀಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.